ಎಂಬತ್ತು ಕಿಲೋದ ವಿಂಗರ್: ಶೇನ್ ವಿಲಿಯಮ್ಸ್ ಆಟದ ಬದುಕು

(ಒಂದು ಸಂಜೆ ಆಡಿದ ಮಾತುಗಳ ಬರಹ ರೂಪ. ದಾರಿ ತಪ್ಪಿ ಅತ್ತಿತ್ತ ಹೋದ ಕಡೆ ಸ್ವಲ್ಪ ಕತ್ತರಿಸಿದ್ದೇನೆ. ಎಲ್ಲ ಕಡೆಯೂ ಅಲ್ಲ.)

ಎಲ್ಲರಿಗೂ ನಮಸ್ಕಾರ.

ಮೊದಲು ನಾಲ್ಕು ಸಂಖ್ಯೆ ಹೇಳಿಬಿಡುತ್ತೇನೆ. ಎತ್ತರ 170 ಸೆಂಟಿಮೀಟರ್. ತೂಕ ಸುಮಾರು 80 ಕಿಲೋ. ವೇಲ್ಸ್ ದೇಶಕ್ಕೆ ಆಡಿದ ಪಂದ್ಯ 87. ಗಳಿಸಿದ ಟ್ರೈ 58. ಮೊದಲ ಎರಡು ಸಂಖ್ಯೆ ನೋಡಿ ಕೊನೆಯ ಎರಡನ್ನು ಊಹಿಸುವ ರಗ್ಬಿ ಕೋಚ್ ಆ ಕಾಲದಲ್ಲಿ ಸಿಗುವುದು ಕಷ್ಟವಿತ್ತು. ಈ ಎರಡು ಜೋಡಿಗಳ ನಡುವೆ ಏನಾಯಿತು ಅನ್ನುವುದೇ ಇವತ್ತಿನ ಮಾತು.

ಆಟಗಾರನ ಹೆಸರು ಶೇನ್ ವಿಲಿಯಮ್ಸ್. ನನ್ನ ಬಾಯಲ್ಲಿ 'ಅವನು' ಅಂತಲೇ ಬರುತ್ತದೆ, ಬೇಸರ ಮಾಡಿಕೊಳ್ಳಬೇಡಿ. ಇಷ್ಟದ ಆಟಗಾರರನ್ನು ನಾವು ಹಾಗೇ ಕರೆಯುವುದು ಅಲ್ವಾ?

ಇಲ್ಲಿ ಕೂತಿರುವವರಲ್ಲಿ ರಗ್ಬಿ ನೋಡಿದವರು ಕಮ್ಮಿ ಅಂತ ಗೊತ್ತು. ಹಾಗಾಗಿ ಬೇಕಾದಷ್ಟೇ ನಿಯಮ ಹೇಳುತ್ತೇನೆ. ರಗ್ಬಿ ಯೂನಿಯನ್‌ನಲ್ಲಿ ಒಂದು ತಂಡಕ್ಕೆ 15 ಜನ. ಚೆಂಡನ್ನು ಕೈಯಲ್ಲಿ ಹಿಡಿದು ಓಡಬಹುದು, ಒದೆಯಬಹುದು. ಆದರೆ ಕೈಯಿಂದ ಮುಂದಕ್ಕೆ ಎಸೆಯುವ ಹಾಗಿಲ್ಲ, ಪಕ್ಕಕ್ಕೆ ಅಥವಾ ಹಿಂದಕ್ಕೆ ಮಾತ್ರ. ಎದುರಾಳಿಯ ಗೆರೆ ದಾಟಿ ಚೆಂಡನ್ನು ನೆಲಕ್ಕೆ ಒತ್ತಿದರೆ ಅದು ಟ್ರೈ, ಐದು ಅಂಕ. ಆಮೇಲೆ ಕಂಬಗಳ ನಡುವೆ ಒದ್ದರೆ ಇನ್ನೆರಡು. ಪೆನಾಲ್ಟಿ ಒದ್ದರೆ ಮೂರು. ಎಂಟು ಜನ ಫಾರ್ವರ್ಡ್‌ಗಳು, ಭಾರಿ ಮೈಯವರು, ಚೆಂಡಿಗಾಗಿ ಗುದ್ದಾಡುತ್ತಾರೆ. ಏಳು ಜನ ಬ್ಯಾಕ್‌ಗಳು, ಆ ಚೆಂಡನ್ನು ಹಿಡಿದು ಓಡುತ್ತಾರೆ. ಫಾರ್ವರ್ಡ್‌ಗಳ ಕಾಲಡಿಯಿಂದ ಚೆಂಡು ಎತ್ತಿ ಹೊರಗೆ ಕೊಡುವವನು ಸ್ಕ್ರಮ್ ಹಾಫ್, ಬೆನ್ನ ಮೇಲೆ 9. ಎರಡು ಅಂಚುಗಳಲ್ಲಿ ನಿಲ್ಲುವವರು ವಿಂಗರ್‌ಗಳು, 11 ಮತ್ತು 14. ಟ್ರೈ ಗಳಿಸುವುದು ಮುಖ್ಯವಾಗಿ ಇವರ ಕೆಲಸ. ಶೇನ್ ಹುಟ್ಟಾ 9, ಹೆಸರು ಮಾಡಿದ್ದು 11 ಆಗಿ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ವೇಲ್ಸ್ ಬಗ್ಗೆ ಎರಡು ಮಾತು. ಜನಸಂಖ್ಯೆ ಸುಮಾರು 30 ಲಕ್ಷ. ದಕ್ಷಿಣ ವೇಲ್ಸ್‌ನ ಕಣಿವೆಗಳಲ್ಲಿ ಹಿಂದೆ ಕಲ್ಲಿದ್ದಲ ಗಣಿ, ಉಕ್ಕು, ತಗಡಿನ ಕಾರ್ಖಾನೆಗಳು ಇದ್ದವು. ಪ್ರತಿ ಹಳ್ಳಿಗೂ ಒಂದು ಚಾಪೆಲ್, ಒಂದು ರಗ್ಬಿ ಕ್ಲಬ್. ಶನಿವಾರ ಬಯಲಲ್ಲಿ, ಭಾನುವಾರ ಪ್ರಾರ್ಥನೆಯಲ್ಲಿ ಅದೇ ಜನ. ರಗ್ಬಿ ಇಂಗ್ಲೆಂಡ್‌ನಲ್ಲಿ ದೊಡ್ಡ ಶಾಲೆಗಳವರ ಆಟ ಆಗಿದ್ದರೆ, ಇಲ್ಲಿ ಗಣಿ ಕಾರ್ಮಿಕರ, ಮೇಷ್ಟ್ರುಗಳ, ಪೊಲೀಸರ ಆಟ. ಆದರೆ ಹಣ ಇರಲಿಲ್ಲ. ರಗ್ಬಿ ಯೂನಿಯನ್ 1995ರವರೆಗೂ ಅಮೆಚೂರ್ ಆಟ. ಆಡಿದ್ದಕ್ಕೆ ಸಂಬಳ ಪಡೆದವನನ್ನು ಹೊರಗೆ ಹಾಕುತ್ತಿದ್ದರು. ಮನೆ ನಡೆಸಲು ದುಡ್ಡು ಬೇಕಾದ ಒಳ್ಳೆ ಆಟಗಾರರು ಉತ್ತರ ಇಂಗ್ಲೆಂಡ್‌ಗೆ ಹೋಗಿ ರಗ್ಬಿ ಲೀಗ್ ಅನ್ನುವ ಇನ್ನೊಂದು ಬಗೆಯ ರಗ್ಬಿ ಆಡುತ್ತಿದ್ದರು. 'ಉತ್ತರಕ್ಕೆ ಹೋದ' ಅಂದರೆ ವೇಲ್ಸ್‌ನಲ್ಲಿ ಅರ್ಥ ಅದೇ. ಜೊನಾಥನ್ ಡೇವಿಸ್‌ನಂಥ ದೊಡ್ಡ ಆಟಗಾರನೇ 1989ರಲ್ಲಿ ಹಾಗೆ ಹೋದ. ತಂಡ ಬಡವಾಯಿತು.

1995ರಲ್ಲಿ ಎರಡು ಸಂಗತಿ ನಡೆದವು. ಜೂನ್‌ನಲ್ಲಿ ದಕ್ಷಿಣ ಆಫ್ರಿಕದ ವಿಶ್ವಕಪ್. ಸೆಮಿಫೈನಲ್‌ನಲ್ಲಿ ನ್ಯೂಜಿಲೆಂಡ್‌ನ ಜೋನಾ ಲೋಮು ಇಂಗ್ಲೆಂಡ್ ವಿರುದ್ಧ ನಾಲ್ಕು ಟ್ರೈ ಹೊಡೆದ. ಆರಡಿ ಐದಿಂಚು ಎತ್ತರ, 110 ಕಿಲೋ ದಾಟಿದ ಮೈ, ಅದರ ಮೇಲೆ ಓಟಗಾರನ ವೇಗ. ಅಡ್ಡ ಬಂದವರನ್ನು ತುಳಿದುಕೊಂಡೇ ಹೋದ. ಆಗಸ್ಟ್‌ನಲ್ಲಿ ರಗ್ಬಿ ಯೂನಿಯನ್ ವೃತ್ತಿಪರ ಆಟವಾಯಿತು. ಅಂದರೆ ಆಟಗಾರರು ದಿನವಿಡೀ ಜಿಮ್‌ನಲ್ಲಿ ಇರಬಹುದಾಯಿತು. ಪ್ರಪಂಚದ ಎಲ್ಲ ಕೋಚ್‌ಗಳಿಗೂ ಒಂದೇ ಆಸೆ: ನಮಗೂ ಒಬ್ಬ ಲೋಮು ಬೇಕು. ತೂಕ ಅನ್ನುವುದು ಆಯ್ಕೆಯ ಮೊದಲ ಪ್ರಶ್ನೆ ಆಯಿತು. ಅಂಥ ಹೊತ್ತಿನಲ್ಲಿ ಬಂದ ನಮ್ಮ ಹುಡುಗ.

ಶೇನ್ ಹುಟ್ಟಿದ್ದು 1977ರ ಫೆಬ್ರುವರಿ 26, ಸ್ವಾನ್ಸೀ ಊರಿನ ಮಾರಿಸ್ಟನ್‌ನಲ್ಲಿ. ಬೆಳೆದದ್ದು ಅಮನ್ ಕಣಿವೆಯ ಗ್ಲಾನಮನ್‌ನಲ್ಲಿ. ಆಂಥ್ರಸೈಟ್ ಅನ್ನುವ ಗಟ್ಟಿ ಕಲ್ಲಿದ್ದಲಿನ ಸೀಮೆ. ವೆಲ್ಷ್ ಭಾಷೆ ಇನ್ನೂ ಬೀದಿಯಲ್ಲಿ ಕೇಳಿಸುವ ಕಡೆ. ಊರಿನ ಕ್ಲಬ್ ಅಮನ್ ಯುನೈಟೆಡ್. ಅಲ್ಲಿ ಅವನು ಸ್ಕ್ರಮ್ ಹಾಫ್. ಚಿಕ್ಕ ಮೈಯವರಿಗೆ ರಗ್ಬಿಯಲ್ಲಿ ಮೊದಲಿಂದಲೂ ಸಿಗುವ ಜಾಗ ಅದೇ. 1998ರಲ್ಲಿ ನೀತ್ ಕ್ಲಬ್ ಅವನನ್ನು ತೆಗೆದುಕೊಂಡಿತು. ಕಪ್ಪು ಜರ್ಸಿಯ, ಒರಟು ಆಟದ ಕ್ಲಬ್ ನೀತ್. ಅಲ್ಲಿ ಅವನನ್ನು ಅಂಚಿಗೆ, ವಿಂಗ್‌ಗೆ ಹಾಕಿದರು. ಹೊರಗೆ ನಿಲ್ಲಿಸಿದರೆ ಜಾಗ ಸಿಗುತ್ತದೆ, ಓಡಲಿ ಅಂತ. ಓಡಿದ.

ಆಗ ವೇಲ್ಸ್ ಕೋಚ್ ನ್ಯೂಜಿಲೆಂಡ್‌ನ ಗ್ರಹಾಂ ಹೆನ್ರಿ. 2000ದ ಫೆಬ್ರುವರಿ 5ರಂದು ಕಾರ್ಡಿಫ್‌ನಲ್ಲಿ ಫ್ರಾನ್ಸ್ ವಿರುದ್ಧದ ಪಂದ್ಯ. ವೇಲ್ಸ್ 3-36ರಲ್ಲಿ ಸೋತಿತು. ಆ ಕೆಟ್ಟ ದಿನ ಬದಲಿ ಆಟಗಾರನಾಗಿ ಶೇನ್ ಮೊದಲ ಸಲ ವೇಲ್ಸ್‌ನ ಕೆಂಪು ಜರ್ಸಿ ಹಾಕಿಕೊಂಡ. ಎರಡು ವಾರದ ಮೇಲೆ ಇಟಲಿ ವಿರುದ್ಧ ಮೊದಲ ಟ್ರೈ. ಇಲ್ಲಿಂದ ಕಥೆ ಸಲೀಸಾಗಿ ಮೇಲೇರಿತು ಅಂದುಕೊಳ್ಳಬೇಡಿ. ಗಾಯಗಳು ಶುರುವಾದವು. 'ಚಿಕ್ಕವನು' ಅನ್ನುವ ಮಾತು ಬೆನ್ನು ಬಿಡಲಿಲ್ಲ. ಹೆನ್ರಿ ಹೋಗಿ ಸ್ಟೀವ್ ಹ್ಯಾನ್ಸನ್ ಬಂದರು. ವಯಸ್ಸು 25 ದಾಟುವಷ್ಟರಲ್ಲಿ ಶೇನ್ ವೇಲ್ಸ್ ತಂಡದ ಹೊರಗಿದ್ದ. ಒಂದಷ್ಟು ಪಂದ್ಯ ಆಡಿ ಮರೆಯಾದ ಹುಡುಗರ ಪಟ್ಟಿ ಎಲ್ಲ ದೇಶದಲ್ಲೂ ಇರುತ್ತದೆ. ಅದರಲ್ಲಿ ಇವನದೂ ಒಂದು ಹೆಸರು ಆಗಬಹುದಿತ್ತು.

2003ರ ವಿಶ್ವಕಪ್, ಆಸ್ಟ್ರೇಲಿಯಾ. ಇಲ್ಲಿ ಸ್ವಲ್ಪ ನಿಲ್ಲೋಣ.

ವಿಶ್ವಕಪ್‌ಗೆ ಒಯ್ಯುವ ಆಟಗಾರರ ಸಂಖ್ಯೆಗೆ ಮಿತಿ ಇರುತ್ತದೆ. ಸ್ಕ್ರಮ್ ಹಾಫ್ ಬಹಳ ಬೇಕಾದ ಜಾಗ, ಇಬ್ಬರಂತೂ ಬೇಕೇ ಬೇಕು. ಇಬ್ಬರಲ್ಲಿ ಒಬ್ಬನಿಗೆ ಗಾಯವಾದರೆ? ಮೂರನೆಯವನು ಇರಲಿ. ಆದರೆ ಅವನೊಬ್ಬನಿಗಾಗಿ ಒಂದು ಸೀಟು ಖರ್ಚು ಮಾಡುವುದು ದುಬಾರಿ. ಅದಕ್ಕೆ ಸ್ಕ್ರಮ್ ಹಾಫ್ ಕೆಲಸ ಗೊತ್ತಿರುವ ವಿಂಗರ್ ಒಬ್ಬ ಸಿಕ್ಕರೆ ಲೆಕ್ಕ ಸರಿಹೋಗುತ್ತದೆ. ಹೀಗೆ ಶೇನ್ ವಿಮಾನ ಹತ್ತಿದ, ಮೂರನೇ ಸ್ಕ್ರಮ್ ಹಾಫ್ ಆಗಿ. ಮುಂದೆ ವೇಲ್ಸ್‌ನ ಅತಿ ಹೆಚ್ಚು ಟ್ರೈಗಳ ಒಡೆಯನಾಗುವವನು ಒಂದು ಟಿಪ್ಪಣಿಯ ಹಾಗೆ ತಂಡದ ಪಟ್ಟಿಗೆ ಸೇರಿದ. ಊರ ಬಯಲಲ್ಲಿ ಹುಡುಗನಾಗಿದ್ದಾಗ ಕಲಿತ ಹಳೇ ಕೆಲಸ ಅವನ ವೃತ್ತಿಯನ್ನು ಉಳಿಸಿತು.

ಗುಂಪಿನ ಮೊದಲ ಮೂರು ಪಂದ್ಯ ಗೆದ್ದು ವೇಲ್ಸ್ ಕ್ವಾರ್ಟರ್ ಫೈನಲ್ ಖಚಿತ ಮಾಡಿಕೊಂಡಿತ್ತು. ಕೊನೆಯ ಗುಂಪು ಪಂದ್ಯ ನವೆಂಬರ್ 2ರಂದು ಸಿಡ್ನಿಯಲ್ಲಿ, ನ್ಯೂಜಿಲೆಂಡ್ ವಿರುದ್ಧ. ಹ್ಯಾನ್ಸನ್ ಮುಖ್ಯ ಆಟಗಾರರಲ್ಲಿ ಹಲವರಿಗೆ ವಿಶ್ರಾಂತಿ ಕೊಟ್ಟರು. ಹೇಗೂ ಸೋಲುವ ಪಂದ್ಯ, ಸುಮ್ನೆ ಮೈ ಮುರಿದುಕೊಳ್ಳುವುದೇಕೆ ಅನ್ನುವ ಲೆಕ್ಕ. ಬೆಂಚಿನ ಹುಡುಗರಿಗೆ ಜಾಗ ಸಿಕ್ಕಿತು. ಶೇನ್ ವಿಂಗ್‌ನಲ್ಲಿ ನಿಂತ.

ಆ ದಿನ ಏನಾಯಿತು ಅಂದರೆ, ಕಳಕೊಳ್ಳಲು ಏನೂ ಇಲ್ಲದ ತಂಡ ಚೆಂಡನ್ನು ಕೈಯಲ್ಲೇ ಆಡಿಸಲು ಶುರು ಮಾಡಿತು. ತಮ್ಮದೇ ಗೆರೆಯ ಹತ್ತಿರದಿಂದಲೂ ಓಡಿದರು. ಶೇನ್ ಚೆಂಡು ಮುಟ್ಟಿದಾಗೆಲ್ಲ ನ್ಯೂಜಿಲೆಂಡ್‌ನ ಕಪ್ಪು ಜರ್ಸಿಯ ಗೋಡೆಯಲ್ಲಿ ಬಿರುಕು. ನಾಲ್ಕು ಟ್ರೈ ಬಂದವು, ಒಂದು ಅವನದು. ದ್ವಿತೀಯಾರ್ಧದಲ್ಲಿ ಒಂದು ಹಂತದಲ್ಲಿ ವೇಲ್ಸ್ ಮುಂದಿತ್ತು! ಕೊನೆಗೆ 37-53 ಸೋಲು. ಸೋತರೂ ವೇಲ್ಸ್ ಜನ ಆ ಪಂದ್ಯವನ್ನು ಇವತ್ತಿಗೂ ಗೆಲುವಿನ ಸಾಲಿನಲ್ಲೇ ಇಟ್ಟು ಮಾತಾಡುತ್ತಾರೆ.

ಒಂದು ವಾರದ ಮೇಲೆ ಬ್ರಿಸ್ಬೇನ್‌ನಲ್ಲಿ ಕ್ವಾರ್ಟರ್ ಫೈನಲ್, ಎದುರಿಗೆ ಇಂಗ್ಲೆಂಡ್. ಆ ವರ್ಷ ಕಪ್ ಗೆದ್ದ ತಂಡ. ಈಗ ಶೇನ್‌ನನ್ನು ಬಿಡುವ ಧೈರ್ಯ ಯಾರಿಗೂ ಇರಲಿಲ್ಲ. ಇಂಗ್ಲೆಂಡ್ ಒದ್ದ ಚೆಂಡು ಹಿಡಿದು ತನ್ನ ಅರ್ಧದ ಒಳಗಿಂದಲೇ ಅವನು ನುಗ್ಗಿದ. ಪಾಸ್ ಮೇಲೆ ಪಾಸ್ ಹೋಗಿ ಸ್ಟೀಫನ್ ಜೋನ್ಸ್ ಟ್ರೈ ಮುಗಿಸಿದ. ಆ ಪಂದ್ಯದಲ್ಲಿ ವೇಲ್ಸ್ ಮೂರು ಟ್ರೈ, ಇಂಗ್ಲೆಂಡ್ ಒಂದೇ. ಆದರೆ ಜಾನಿ ವಿಲ್ಕಿನ್ಸನ್ ಕಾಲು ಸುಮ್ಮನಿರಲಿಲ್ಲ, ಪೆನಾಲ್ಟಿ ಮೇಲೆ ಪೆನಾಲ್ಟಿ ಒದ್ದು 28-17ಕ್ಕೆ ಮುಗಿಸಿದ. ವೇಲ್ಸ್ ಮನೆಗೆ ಬಂತು. ಶೇನ್ ವಿಲಿಯಮ್ಸ್ ಮಾತ್ರ ತಂಡದೊಳಗೆ ಬಂದ, ಮತ್ತೆ ಹೊರಗೆ ಹೋಗಲಿಲ್ಲ.

ಒಂದು ವಿಷಯ ಗಮನಿಸಿ. ಹ್ಯಾನ್ಸನ್ ದಡ್ಡ ಕೋಚ್ ಅಲ್ಲ. ಮುಂದೆ 2015ರಲ್ಲಿ ನ್ಯೂಜಿಲೆಂಡ್‌ಗೆ ವಿಶ್ವಕಪ್ ಗೆದ್ದುಕೊಟ್ಟವರು. ಅಂಥವರ ಕಣ್ಣಿಗೂ ಈ ಹುಡುಗ ಪೂರ್ತಿ ಕಂಡದ್ದು ಲೆಕ್ಕಕ್ಕಿಲ್ಲದ ಪಂದ್ಯವೊಂದರಲ್ಲಿ. ತೂಕ, ಎತ್ತರ, ಎಷ್ಟು ಭಾರ ಎತ್ತಬಲ್ಲ ಅನ್ನುವುದನ್ನು ಅಳೆಯುವುದು ಸುಲಭ, ಹಾಳೆಯ ಮೇಲೆ ಬರೆದು ಹೋಲಿಸಬಹುದು. ಎದುರಿಗಿರುವವನನ್ನು ಒಂದು ಕ್ಷಣ ಗಲಿಬಿಲಿ ಮಾಡುವ ಗುಣಕ್ಕೆ ಅಳತೆಪಟ್ಟಿ ಇಲ್ಲ. ವೃತ್ತಿಪರ ರಗ್ಬಿಯ ಮೊದಲ ವರ್ಷಗಳ ದೊಡ್ಡ ಕುರುಡು ಇದೇ ಅಂತ ನನ್ನ ಅಭಿಪ್ರಾಯ.

ಹಾಗಾದರೆ ಅವನು ಮಾಡುತ್ತಿದ್ದುದು ಏನು? ವಿಡಿಯೋ ಹಾಕಿ ತೋರಿಸಿದ್ದನ್ನು ಇಲ್ಲಿ ಮಾತಿನಲ್ಲೇ ಹೇಳಬೇಕು.

ಕಬಡ್ಡಿಯ ಒಳ್ಳೆ ರೈಡರ್‌ನನ್ನು ನೆನೆಸಿಕೊಳ್ಳಿ. ಅವನು ಹಿಡಿಯುವವರ ಕಾಲನ್ನೇ ನೋಡುತ್ತಿರುತ್ತಾನೆ. ಯಾರ ಭಾರ ಯಾವ ಕಾಲಿನ ಮೇಲಿದೆ, ಅಷ್ಟು ಸಾಕು. ಶೇನ್ ಓಟದ ಗುಟ್ಟೂ ಅಲ್ಲೇ ಇತ್ತು. ನೂರು ಮೀಟರ್ ಓಟದಲ್ಲಿ ಅವನನ್ನು ಸೋಲಿಸುವ ವಿಂಗರ್‌ಗಳು ಬೇಕಾದಷ್ಟು ಜನ ಇದ್ದರು. ಆದರೆ ಮೊದಲ ಐದು ಹೆಜ್ಜೆಯಲ್ಲಿ ಇವನನ್ನು ಹಿಡಿಯುವುದು ಕಷ್ಟ. ಅವನು ಪೂರ್ತಿ ವೇಗದಲ್ಲಿ ಎದುರಾಳಿಯ ಮೇಲೆ ಹೋಗುತ್ತಿರಲಿಲ್ಲ. ಹತ್ತಿರ ಬರುವಾಗ ಒಂಚೂರು ನಿಧಾನ ಮಾಡುತ್ತಿದ್ದ. ಹಿಡಿಯಲು ಬಂದವನೂ ತಾನಾಗಿಯೇ ನಿಧಾನವಾಗಿ, ಕಾಲು ಅಗಲಿಸಿ ನೆಲಕ್ಕೆ ಊರುತ್ತಿದ್ದ. ಅಷ್ಟೇ ಬೇಕಿತ್ತು. ಒಂದು ಕಾಲು ಗಟ್ಟಿ ಊರಿ, ಸೊಂಟ ತಗ್ಗಿಸಿ, ಇನ್ನೊಂದು ದಿಕ್ಕಿಗೆ ಜಿಗಿತ. ನೂರ ಹತ್ತು ಕಿಲೋ ಮೈ ದಿಕ್ಕು ಬದಲಿಸುವಷ್ಟರಲ್ಲಿ ಎಂಬತ್ತು ಕಿಲೋ ಮೈ ಮೂರು ಹೆಜ್ಜೆ ದಾಟಿರುತ್ತಿತ್ತು. ಚಿಕ್ಕ ಕಾಲಿನವನ ಹೆಜ್ಜೆಗಳು ಚಿಕ್ಕವು, ನೆಲ ಮುಟ್ಟುವುದು ಜಾಸ್ತಿ. ನೆಲ ಮುಟ್ಟಿದಾಗಷ್ಟೇ ಮನುಷ್ಯ ದಿಕ್ಕು ಬದಲಿಸಬಲ್ಲ. ಅಂದರೆ ದೊಡ್ಡವನಿಗಿಂತ ಇವನಿಗೆ ಹೆಚ್ಚು ಅವಕಾಶ.

ಇನ್ನೊಂದು ಇದೆ, ಅದು ಇದಕ್ಕಿಂತ ಮುಖ್ಯ ಅಂತ ನನಗನ್ನಿಸುತ್ತದೆ. ಸಾಮಾನ್ಯ ವಿಂಗರ್ ತನ್ನ ಅಂಚಿನಲ್ಲಿ ಕಾಯುತ್ತಾನೆ. ಚೆಂಡು ಹತ್ತು ಕೈ ದಾಟಿ ಬಂದರೆ ಬಂತು, ಇಲ್ಲದಿದ್ದರೆ ಚಳಿಯಲ್ಲಿ ನಿಂತಿರಬೇಕು. ಶೇನ್ ಕಾಯುತ್ತಿರಲಿಲ್ಲ. ಅಂಚು ಬಿಟ್ಟು ನಡುಬಯಲಿಗೆ, ಸ್ಕ್ರಮ್ ಹಾಫ್ ಪಕ್ಕಕ್ಕೆ ಬಂದು ನಿಲ್ಲುತ್ತಿದ್ದ. ಅಲ್ಲಿ ಎದುರಿಗೆ ಇರುವವರು ಯಾರು? ಗುದ್ದಾಡಿ ಸುಸ್ತಾದ ಪ್ರಾಪ್‌ಗಳು, ಲಾಕ್‌ಗಳು, ಅಂದರೆ ಫಾರ್ವರ್ಡ್‌ಗಳಲ್ಲೇ ಭಾರಿ ಮೈಯವರು. ಹಿಂದಿನ ಗುದ್ದಾಟದಿಂದ ಎದ್ದು ಉಸಿರು ಎಳೆದುಕೊಳ್ಳುತ್ತಿರುವವರು. ಅಂಥವರ ಮುಂದೆ ಈ ಮಿಂಚುಳ್ಳಿ ಬಂದು ನಿಂತರೆ ಅವರೇನು ಮಾಡಬೇಕು ಪಾಪ? 9ರ ಜಾಗದಲ್ಲಿ ಬೆಳೆದವನಾದ್ದರಿಂದ ಗುಂಪಿನ ಪಕ್ಕದಲ್ಲಿ ಎಲ್ಲಿ ಬಿರುಕು ಬೀಳುತ್ತದೆ ಅಂತ ಅವನಿಗೆ ಮೊದಲೇ ಗೊತ್ತಾಗುತ್ತಿತ್ತು. ಹುಟ್ಟಾ ವಿಂಗರ್‌ಗೆ ಈ ಕಣ್ಣು ಇರುವುದು ಅಪರೂಪ.

ಸಭೆಯಲ್ಲಿ ಒಬ್ಬರು ಇಲ್ಲೇ ತಡೆದು ಕೇಳಿದರು: ಚೆಂಡು ಕೈಯಲ್ಲಿದ್ದಾಗ ಸರಿ, ದೊಡ್ಡವನು ಓಡಿ ಬಂದಾಗ ಇವನು ತಡೆಯುವುದು ಹೇಗೆ? ಒಳ್ಳೆ ಪ್ರಶ್ನೆ. ಎದೆಗೆ ಎದೆ ಕೊಟ್ಟರೆ ಸೋಲುತ್ತಾನೆ. ಅದಕ್ಕೆ ಮಂಡಿಯ ಕೆಳಗೆ ಬಿದ್ದು ಕಾಲುಗಳನ್ನೇ ಅಪ್ಪಿಕೊಳ್ಳಬೇಕು. ಎಷ್ಟೇ ತೂಕದವನಾದರೂ ಕಾಲಿಲ್ಲದೆ ಓಡಲಾರ. ಆದರೂ ಇದು ಅವನ ದುರ್ಬಲ ಕಡೆ, ಅದನ್ನು ಮುಚ್ಚಿಡಬೇಕಾಗಿಲ್ಲ. ಎತ್ತರದ ಕಿಕ್ ಅವನ ಮೂಲೆಗೆ ಬಂದಾಗ, ಅವನಿಗಿಂತ ಒಂದಡಿ ಉದ್ದದವನು ಹಾರಿ ಹಿಡಿದರೆ ಏನೂ ಮಾಡುವ ಹಾಗಿರಲಿಲ್ಲ. ಕೋಚ್‌ಗಳ ಅನುಮಾನ ಪೂರಾ ಹುಸಿಯಲ್ಲ. ಕೊಡುವುದು ಎಷ್ಟು, ಕಳೆಯುವುದು ಎಷ್ಟು ಅಂತ ಕೂಡಿ ಕಳೆದು ನೋಡುವಷ್ಟು ತಾಳ್ಮೆ ಅವರಿಗೆ ಇರಲಿಲ್ಲ, ಅಷ್ಟೇ.

ಮುಂದಿನ ವರ್ಷಗಳನ್ನು ಸ್ವಲ್ಪ ಬೇಗ ದಾಟುತ್ತೇನೆ. 2003ರಲ್ಲೇ ವೇಲ್ಸ್ ತನ್ನ ಹಳೇ ಕ್ಲಬ್‌ಗಳನ್ನು ಕೂಡಿಸಿ ಪ್ರಾದೇಶಿಕ ತಂಡಗಳನ್ನು ಮಾಡಿತ್ತು. ನೀತ್ ಮತ್ತು ಸ್ವಾನ್ಸೀ ಸೇರಿ ಆಸ್ಪ್ರೀಸ್ ಆಯಿತು. ಶತಮಾನ ಕಾಲ ಪರಸ್ಪರ ಮುಖ ನೋಡದ ಎರಡು ಊರುಗಳು ಒಂದೇ ತಂಡಕ್ಕೆ ಚಪ್ಪಾಳೆ ತಟ್ಟಬೇಕು! ಜಗಳ, ಬೇಸರ ಏನೇ ಇರಲಿ, ಸಂಬಳ ಕೊಡುವ ತಾಕತ್ತು ಇದ್ದದ್ದು ಹೀಗೆ ಕೂಡಿದ ತಂಡಗಳಿಗೇ. ಶೇನ್ ಅಲ್ಲೇ ಉಳಿದ.

2005ರ ಫೆಬ್ರುವರಿ 5. ಮೊದಲ ಪಂದ್ಯ ಆಡಿ ಸರಿಯಾಗಿ ಐದು ವರ್ಷ. ಕಾರ್ಡಿಫ್‌ನಲ್ಲಿ ಇಂಗ್ಲೆಂಡ್ ವಿರುದ್ಧ. 1993ರಿಂದ ಈಚೆಗೆ ವೇಲ್ಸ್ ಅವರನ್ನು ಕಾರ್ಡಿಫ್‌ನಲ್ಲಿ ಸೋಲಿಸಿರಲಿಲ್ಲ. ಆ ಸಂಜೆ ಇದ್ದದ್ದು ಒಂದೇ ಟ್ರೈ: ಮೈಕಲ್ ಓವನ್ ಕೊಟ್ಟ ಉದ್ದನೆಯ ಪಾಸ್, ಎಡ ಮೂಲೆಯಲ್ಲಿ ಶೇನ್. ಕೊನೆಗೆ ಗ್ಯಾವಿನ್ ಹೆನ್ಸನ್ ದೂರದಿಂದ ಒದ್ದ ಪೆನಾಲ್ಟಿಯಿಂದ 11-9. ಮರುದಿನ ಎಲ್ಲರ ಬಾಯಲ್ಲೂ ಹೆನ್ಸನ್, ಅವನ ಬೆಳ್ಳಿ ಬಣ್ಣದ ಬೂಟು. ಇರಲಿ. ಆ ವರ್ಷ ವೇಲ್ಸ್ ಗ್ರ್ಯಾಂಡ್ ಸ್ಲ್ಯಾಮ್ ಗೆದ್ದಿತು, ಅಂದರೆ ಯುರೋಪಿನ ಆರು ದೇಶಗಳು ಪ್ರತಿವರ್ಷ ಆಡುವ ಸಿಕ್ಸ್ ನೇಶನ್ಸ್‌ನಲ್ಲಿ ತನ್ನ ಐದೂ ಪಂದ್ಯ. 1978ರ ನಂತರ ಮೊದಲ ಸಲ. ಗಣಿಗಳು ಇದ್ದ ಕಾಲದಲ್ಲಿ ಕೊನೆಯ ಸ್ಲ್ಯಾಮ್ ನೋಡಿದವರು ಗಣಿಗಳು ಹೆಚ್ಚುಕಡಿಮೆ ಎಲ್ಲ ಮುಚ್ಚಿದ ಮೇಲೆ ಇದನ್ನು ನೋಡಿದರು.

ಅದೇ ವರ್ಷ ಬ್ರಿಟಿಷ್ ಅಂಡ್ ಐರಿಷ್ ಲಯನ್ಸ್ ತಂಡ. ನಾಲ್ಕು ದೇಶಗಳ ಆಟಗಾರರನ್ನು ಕೂಡಿಸಿ ನಾಲ್ಕು ವರ್ಷಕ್ಕೊಮ್ಮೆ ಕಟ್ಟುವ ತಂಡ ಅದು. ನ್ಯೂಜಿಲೆಂಡ್ ಪ್ರವಾಸದಲ್ಲಿ ಮನವಾಟು ಅನ್ನುವ ಪ್ರಾಂತೀಯ ತಂಡದ ವಿರುದ್ಧ ಲಯನ್ಸ್ 109-6ರಲ್ಲಿ ಗೆದ್ದಿತು. ಶೇನ್ ಒಬ್ಬನೇ ಐದು ಟ್ರೈ. ಟೆಸ್ಟ್ ಸರಣಿ ಮಾತ್ರ ಪೂರ್ತಿ ಸೋಲು, ಅದರ ಬಗ್ಗೆ ಹೇಳುವಂಥದ್ದೇನೂ ಇಲ್ಲ.

2007ರ ವಿಶ್ವಕಪ್‌ನಲ್ಲಿ ಫ್ರಾನ್ಸ್‌ನ ನಾಂತ್ ಊರಲ್ಲಿ ವೇಲ್ಸ್ ಫಿಜಿಗೆ 34-38ರಲ್ಲಿ ಸೋತು ಗುಂಪಿನಲ್ಲೇ ಹೊರಬಿತ್ತು. ಶೇನ್ ಒಂದು ಟ್ರೈ ಹೊಡೆದಿದ್ದ. ಪ್ರಯೋಜನ ಆಗಲಿಲ್ಲ. ಕೋಚ್ ಕೆಲಸ ಹೋಯಿತು. ನ್ಯೂಜಿಲೆಂಡ್‌ನ ವಾರನ್ ಗ್ಯಾಟ್ಲೆಂಡ್ ಬಂದರು, ಜೊತೆಗೆ ಡಿಫೆನ್ಸ್ ಕಲಿಸಲು ಶಾನ್ ಎಡ್ವರ್ಡ್ಸ್. ಇಬ್ಬರೂ ಗಟ್ಟಿ ಮೈ, ಗಟ್ಟಿ ಗೋಡೆ ಅನ್ನುವ ಪಂಗಡದವರು. ಶೇನ್ ಕಥೆ ಇಲ್ಲಿಗೆ ಮುಗಿಯಿತು ಅಂತ ಯಾರಾದರೂ ಅಂದಿದ್ದರೆ ನಾನೂ ಹೂಂ ಅನ್ನುತ್ತಿದ್ದೆ.

ಆದದ್ದು ಉಲ್ಟಾ. 2008 ಅವನ ಬದುಕಿನ ಅತ್ಯುತ್ತಮ ವರ್ಷ. ಹಿಂದೆ ಗೋಡೆ ಗಟ್ಟಿಯಾದಾಗ ಮುಂದೆ ಒಬ್ಬ ಜಾದೂಗಾರನನ್ನು ಇಟ್ಟುಕೊಳ್ಳುವುದು ತಂಡಕ್ಕೆ ಸುಲಭವಾಯಿತು. ಆ ವರ್ಷ ಸಿಕ್ಸ್ ನೇಶನ್ಸ್‌ನ ಐದು ಪಂದ್ಯಗಳಲ್ಲಿ ವೇಲ್ಸ್ ಬಿಟ್ಟುಕೊಟ್ಟದ್ದು ಕೇವಲ ಎರಡು ಟ್ರೈ. ಶೇನ್ ಒಬ್ಬನೇ ಗಳಿಸಿದ್ದು ಆರು: ಸ್ಕಾಟ್ಲೆಂಡ್ ವಿರುದ್ಧ ಎರಡು, ಇಟಲಿ ವಿರುದ್ಧ ಎರಡು, ಡಬ್ಲಿನ್‌ನ ಕ್ರೋಕ್ ಪಾರ್ಕ್‌ನಲ್ಲಿ ಐರ್ಲೆಂಡ್ ವಿರುದ್ಧ ಒಂದು, ಕೊನೆಗೆ ಫ್ರಾನ್ಸ್ ವಿರುದ್ಧ ಒಂದು. ಡಬ್ಲಿನ್‌ನ ಟ್ರೈ ಅವನ ನಲವತ್ತನೆಯದು, ವೇಲ್ಸ್‌ಗೆ ಅತಿ ಹೆಚ್ಚು ಟ್ರೈ ಗಳಿಸಿದ್ದ ಗ್ಯಾರೆತ್ ಥಾಮಸ್ ದಾಖಲೆಗೆ ಸಮ. ಮಾರ್ಚ್ 15ರಂದು ಕಾರ್ಡಿಫ್‌ನಲ್ಲಿ ಫ್ರೆಂಚರ ಕೈಯಿಂದ ಚೆಂಡು ಜಾರಿತು. ಶೇನ್ ಅದನ್ನು ಕಾಲಲ್ಲೇ ತಳ್ಳಿಕೊಂಡು ಓಡಿ, ಮೇಲೆ ಬಿದ್ದು ಒತ್ತಿದ. ನಲವತ್ತೊಂದು. 29-12ರ ಗೆಲುವು, ಇನ್ನೊಂದು ಗ್ರ್ಯಾಂಡ್ ಸ್ಲ್ಯಾಮ್. ದಾಖಲೆ ಮುರಿದ ಟ್ರೈನಲ್ಲಿ ಅವನ ಪ್ರಸಿದ್ಧ ಕಾಲ್ಚಳಕ ಏನೂ ಇರಲಿಲ್ಲ, ಬರೀ ಫುಟ್‌ಬಾಲ್. ಅಭಿಮಾನಿಯಾಗಿ ನನಗೆ ಅದೊಂದು ಸಣ್ಣ ಕೊರಗು.

ಬೇಸಿಗೆಯಲ್ಲಿ ವೇಲ್ಸ್ ದಕ್ಷಿಣ ಆಫ್ರಿಕಕ್ಕೆ ಹೋಯಿತು. ಅವರು ಆಗ ವಿಶ್ವ ಚಾಂಪಿಯನ್ನರು, ದೈತ್ಯ ಮೈಗಳ ದೇಶ. ಎರಡೂ ಟೆಸ್ಟ್ ಸೋತರು, ಎರಡರಲ್ಲೂ ಶೇನ್ ಟ್ರೈ ಹೊಡೆದ. ವರ್ಷದ ಕೊನೆಗೆ ಅಂತರರಾಷ್ಟ್ರೀಯ ರಗ್ಬಿ ಮಂಡಳಿ ಅವನನ್ನು ವರ್ಷದ ಆಟಗಾರ ಅಂತ ಆರಿಸಿತು. ವೇಲ್ಸ್‌ನಿಂದ ಈ ಗೌರವ ಪಡೆದ ಮೊದಲಿಗ.

ಮಾರನೇ ವರ್ಷ ಮತ್ತೆ ಲಯನ್ಸ್, ಮತ್ತೆ ದಕ್ಷಿಣ ಆಫ್ರಿಕ. ಪ್ರಪಂಚದ ವರ್ಷದ ಆಟಗಾರನಿಗೆ ಮೊದಲ ಎರಡು ಟೆಸ್ಟ್‌ನಲ್ಲಿ ಆರಂಭದ ಹದಿನೈದರಲ್ಲಿ ಜಾಗವೇ ಇಲ್ಲ! ಎರಡನ್ನೂ ಲಯನ್ಸ್ ಸೋತರು, ಸರಣಿ ಕೈಬಿಟ್ಟಿತು. ಜುಲೈ 4ರಂದು ಜೊಹಾನ್ಸ್‌ಬರ್ಗ್‌ನ ಮೂರನೇ ಟೆಸ್ಟ್‌ಗೆ ಅವನನ್ನು ಇಳಿಸಿದರು. ಮೊದಲಾರ್ಧದಲ್ಲೇ ಎರಡು ಟ್ರೈ, ಲಯನ್ಸ್ 28-9ರಲ್ಲಿ ಗೆದ್ದರು. ನೋಡಿ, ಸಿಡ್ನಿಯ ಲೆಕ್ಕವೇ ಮತ್ತೆ. ಕಳಕೊಳ್ಳಲು ಏನೂ ಇಲ್ಲದ ದಿನ ಬಂದಾಗ ಕೋಚ್‌ಗಳಿಗೆ ಶೇನ್ ನೆನಪಾಗುತ್ತಾನೆ.

2011ರ ವಿಶ್ವಕಪ್‌ಗೆ ಹೋದಾಗ ಅವನಿಗೆ 34. ಇನ್ನೊಂದು ಅಂಚಿನಲ್ಲಿ 19ರ ಜಾರ್ಜ್ ನಾರ್ತ್, ಆರಡಿ ನಾಲ್ಕಿಂಚು, ನೂರು ಕಿಲೋ ಮೀರಿದ ಹುಡುಗ. ವೆಲಿಂಗ್ಟನ್‌ನ ಕ್ವಾರ್ಟರ್ ಫೈನಲ್‌ನಲ್ಲಿ ಐರ್ಲೆಂಡ್ ವಿರುದ್ಧ ಮೂರನೇ ನಿಮಿಷದಲ್ಲೇ ಟ್ರೈ ಹೊಡೆದವನು ಹುಡುಗನಲ್ಲ, ಶೇನ್. ಸೆಮಿಫೈನಲ್‌ನಲ್ಲಿ ನಾಯಕ ಸ್ಯಾಮ್ ವಾರ್ಬರ್ಟನ್‌ಗೆ ಕೆಂಪು ಕಾರ್ಡ್ ಬಿತ್ತು. ಹದಿನಾಲ್ಕು ಜನ ಆಡಿ ಫ್ರಾನ್ಸ್‌ಗೆ 8-9ರಲ್ಲಿ ಸೋತರು. ಒಂದೇ ಒಂದು ಅಂಕ. ಈ ಪಂದ್ಯದ ಬಗ್ಗೆ ವೇಲ್ಸ್‌ನವರ ಹತ್ತಿರ ಮಾತು ತೆಗೆದರೆ ಸಂಜೆ ಹಾಳು, ಅದಕ್ಕೆ ನಾನೂ ಬಿಡುತ್ತೇನೆ.

ವಿದಾಯದ ಪಂದ್ಯ ಡಿಸೆಂಬರ್ 3, ಕಾರ್ಡಿಫ್, ಆಸ್ಟ್ರೇಲಿಯಾ ವಿರುದ್ಧ. ವೇಲ್ಸ್ ಸೋಲುತ್ತಿತ್ತು. ಎಂಬತ್ತು ನಿಮಿಷ ಮುಗಿಯುತ್ತಾ ಬಂದು, ಇನ್ನೇನು ಸೀಟಿ ಊದಬೇಕು ಅನ್ನುವಾಗ ಚೆಂಡು ಅವನ ಕೈಗೆ ಬಂತು. ಟ್ರೈ. ಅಂತರರಾಷ್ಟ್ರೀಯ ಆಟದಲ್ಲಿ ಅವನು ಮುಟ್ಟಿದ ಕೊನೆಯ ಚೆಂಡು ಅದು. ಕಥೆಗಾರ ಹೀಗೆ ಬರೆದರೆ ಅತಿಯಾಯಿತು ಅಂತ ಸಂಪಾದಕ ಹೊಡೆದು ಹಾಕುತ್ತಾನೆ. ಅಂಕ 18-24. ವೇಲ್ಸ್‌ಗೆ 58, ಲಯನ್ಸ್‌ಗೆ 2, ಒಟ್ಟು 60 ಟೆಸ್ಟ್ ಟ್ರೈ. ಆಗ ಪ್ರಪಂಚದಲ್ಲಿ ಅವನಿಗಿಂತ ಮುಂದೆ ಇದ್ದವರು ಇಬ್ಬರೇ: ಜಪಾನಿನ ದೈಸುಕೆ ಒಹಾತ, ಆಸ್ಟ್ರೇಲಿಯಾದ ಡೇವಿಡ್ ಕ್ಯಾಂಪಿಸಿ.

ಆಸ್ಪ್ರೀಸ್‌ಗೆ ಒಂದು ಸಾಲ ಬಾಕಿ ಇತ್ತು. 2012ರ ಮೇ ತಿಂಗಳಲ್ಲಿ ಡಬ್ಲಿನ್‌ನಲ್ಲಿ ಪ್ರೊ12 ಅನ್ನುವ ಲೀಗ್‌ನ ಫೈನಲ್. ಎದುರಾಳಿ ಲೀನ್‌ಸ್ಟರ್, ಒಂದು ವಾರದ ಹಿಂದಷ್ಟೇ ಯುರೋಪ್ ಚಾಂಪಿಯನ್ ಆದ ತಂಡ, ಆಡುತ್ತಿರುವುದೂ ಅವರದೇ ಬಯಲಲ್ಲಿ. ಶೇನ್ ಎರಡು ಟ್ರೈ ಹೊಡೆದ. ಎರಡನೆಯದು ಆಟ ಮುಗಿಯುವ ಸ್ವಲ್ಪ ಮುಂಚೆ, ಮೂಲೆಯಲ್ಲಿ. ಆ ಕಷ್ಟದ ಕೋನದಿಂದ ಡ್ಯಾನ್ ಬಿಗರ್ ಒದ್ದು ಎರಡಂಕ ಸೇರಿಸಿದ. 31-30.

ಆಮೇಲೆ ಜಪಾನ್‌ಗೆ ಹೋಗಿ ಮಿಟ್ಸುಬಿಶಿ ಸಗಮಿಹರಾ ಡೈನಾಬೋರ್ಸ್‌ಗೆ ಆಡಿದ. ದೊಡ್ಡ ಕಂಪನಿಗಳು ನಡೆಸುವ ತಂಡಗಳ ಲೀಗ್ ಅದು, ವಯಸ್ಸಾದ ಆಟಗಾರರಿಗೆ ಒಳ್ಳೆ ಸಂಬಳ. ವೃತ್ತಿಪರ ಆಟಗಾರನ ಬದುಕು ಚಿಕ್ಕದು, ಮೂವತ್ತೈದಕ್ಕೆ ಮುಗಿಯುತ್ತದೆ. ಈ ಕೊನೆಯ ಸಂಪಾದನೆಯನ್ನು ಹಗುರಾಗಿ ನೋಡುವವರ ಮಾತು ನನಗೆ ಹಿಡಿಸುವುದಿಲ್ಲ. ಅಲ್ಲಿದ್ದಾಗಲೇ 2013ರ ಜೂನ್‌ನಲ್ಲಿ ಒಂದು ವಿಚಿತ್ರ ನಡೆಯಿತು. ಲಯನ್ಸ್ ಆಸ್ಟ್ರೇಲಿಯಾದಲ್ಲಿತ್ತು. ಗಾಯಾಳುಗಳು ಜಾಸ್ತಿ, ಶನಿವಾರ ಮೊದಲ ಟೆಸ್ಟ್. ಮಂಗಳವಾರ ಕ್ಯಾನ್ಬೆರಾದಲ್ಲಿ ಅಲ್ಲಿನ ಬ್ರಂಬೀಸ್ ತಂಡದ ವಿರುದ್ಧ ಆಡಲು ಜನ ಸಾಲದು. ಗ್ಯಾಟ್ಲೆಂಡ್ 36ರ ಶೇನ್‌ಗೆ ಕರೆ ಕಳಿಸಿದರು. ಬಂದ, ಆಡಿದ, ತಂಡ 12-14ರಲ್ಲಿ ಸೋತಿತು. ಇದರಿಂದ ಲಯನ್ಸ್ ಜರ್ಸಿಯ ಬೆಲೆ ಕಡಿಮೆಯಾಯಿತು ಅಂತ ಕೆಲವರು ಬೈದರು. ಅವರ ಮಾತಲ್ಲೂ ಸತ್ಯ ಇತ್ತು ಅನ್ನಿ.

ಅವನು ಆಟವನ್ನೇ ಬದಲಿಸಿದ, ಚಿಕ್ಕವರಿಗೆ ದಾರಿ ತೆರೆದ ಅಂತ ಕೆಲವರು ಹೇಳುತ್ತಾರೆ. ಕೇಳಲು ಚೆನ್ನಾಗಿದೆ, ನಾನು ಒಪ್ಪುವುದಿಲ್ಲ. ಅವನ ವಿದಾಯದ ಪಂದ್ಯದಲ್ಲೇ ವೇಲ್ಸ್‌ಗೆ ಮೊದಲ ಸಲ ಆಡಿದ ವಿಂಗರ್ ಅಲೆಕ್ಸ್ ಕತ್‌ಬರ್ಟ್. ಆರಡಿ ಆರಿಂಚು. ಮುಂದಿನ ವರ್ಷಗಳಲ್ಲಿ ಗ್ಯಾಟ್ಲೆಂಡ್‌ರ ತಂಡದ ಎರಡೂ ಅಂಚುಗಳಲ್ಲಿ ನಾರ್ತ್ ಮತ್ತು ಕತ್‌ಬರ್ಟ್. ಗೆದ್ದರು ಕೂಡ. ಗೆದ್ದವರನ್ನು ಪ್ರಶ್ನೆ ಮಾಡುವವರು ಯಾರು? ನಾರ್ತ್ ದೊಡ್ಡ ಆಟಗಾರನೇ. ವೇಲ್ಸ್‌ಗೆ 121 ಪಂದ್ಯ ಆಡಿ 47 ಟ್ರೈ ಗಳಿಸಿ 2024ರಲ್ಲಿ ಅಂತರರಾಷ್ಟ್ರೀಯ ಆಟದಿಂದ ನಿವೃತ್ತನಾದ. ಆ 47ನ್ನು ಶೇನ್‌ನ 87 ಪಂದ್ಯ, 58 ಟ್ರೈ ಪಕ್ಕದಲ್ಲಿಟ್ಟು ನೋಡಿ. ಬೇರೆ ಮಾತು ಬೇಡ. ದಕ್ಷಿಣ ಆಫ್ರಿಕದ ಚೆಸ್ಲಿನ್ ಕೋಲ್ಬೆ ಹೆಚ್ಚು ಕಡಿಮೆ ಶೇನ್‌ನಷ್ಟೇ ಎತ್ತರ. 2019ರ ವಿಶ್ವಕಪ್ ಫೈನಲ್‌ನಲ್ಲಿ ಟ್ರೈ ಹೊಡೆದ. ಅವನ ದೇಹದ ಬಗ್ಗೆಯೂ ಅದೇ ಅನುಮಾನಗಳಿದ್ದವು. ಅಂದರೆ ಹೊಸ ಚಿಕ್ಕವನು ಬಂದಾಗೆಲ್ಲ ಮತ್ತೆ ಮೊದಲಿಂದ ಪರೀಕ್ಷೆ. ಹಿಂದಿನವನ ಅಂಕಗಳು ಇವನಿಗೆ ಸೇರುವುದಿಲ್ಲ.

ಶೇನ್ 2016ರಲ್ಲಿ ವಿಶ್ವ ರಗ್ಬಿಯ ಹಾಲ್ ಆಫ್ ಫೇಮ್ ಸೇರಿದ. ಟಿವಿ, ರೇಡಿಯೋದಲ್ಲಿ ಮಾತಾಡುತ್ತಾನೆ. ಈಜು, ಸೈಕಲ್, ಓಟ ಮೂರೂ ಸೇರಿದ ಐರನ್‌ಮ್ಯಾನ್ ಸ್ಪರ್ಧೆಗಳಲ್ಲಿ ಮೈ ದಣಿಸಿಕೊಂಡದ್ದೂ ಇದೆ. ವೃತ್ತಿಪರ ಆಟ ಮುಗಿದ ಮೇಲೆ ಅಮನ್ ಯುನೈಟೆಡ್ ಪರ ಮತ್ತೆ ಬಯಲಿಗೆ ಇಳಿದ. ವರ್ಷದ ವಿಶ್ವ ಆಟಗಾರನಾಗಿದ್ದವನನ್ನು ಶನಿವಾರ ಮಧ್ಯಾಹ್ನ ಕೆಸರಲ್ಲಿ ಕೆಡವುವ ಅವಕಾಶ ಪಕ್ಕದೂರಿನ ಪ್ಲಂಬರ್‌ಗೆ ಸಿಕ್ಕರೆ ಬಿಡುತ್ತಾನಾ?

ಕೊನೆಗೆ ಒಬ್ಬ ವಿದ್ಯಾರ್ಥಿನಿ ಕೇಳಿದಳು: ಸರ್, ಒಂದೇ ಪಂದ್ಯ ನೋಡುವುದಾದರೆ ಯಾವುದು? ನಾನು ಸಿಡ್ನಿ ಹೇಳುತ್ತೇನೆ ಅಂತ ಎಲ್ಲರೂ ಅಂದುಕೊಂಡಿರಬೇಕು. ಆದರೆ ರಗ್ಬಿ ಗೊತ್ತಿಲ್ಲದವರಿಗೆ ನಾನು ಹೇಳುವುದು 2010ರ ಫೆಬ್ರುವರಿ 13ರ ವೇಲ್ಸ್-ಸ್ಕಾಟ್ಲೆಂಡ್ ಪಂದ್ಯ, ಕಾರ್ಡಿಫ್. ಪೂರ್ತಿ ಬೇಡ, ಕೊನೆಯ ಕೆಲವು ನಿಮಿಷ ಸಾಕು. ಸ್ಕಾಟ್ಲೆಂಡ್ 24-14ರಿಂದ ಮುಂದಿದೆ. ವೇಲ್ಸ್ ಒಂದು ಟ್ರೈ ಹೊಡೆಯುತ್ತದೆ, 24-21. ಒಂದು ಪೆನಾಲ್ಟಿ, 24-24. ಇಬ್ಬರು ಸ್ಕಾಟ್ ಆಟಗಾರರು ಹಳದಿ ಕಾರ್ಡ್ ತಿಂದು ಹೊರಗೆ ಕೂತಿದ್ದಾರೆ. ಸಮಯ ಮುಗಿದಿದೆ, ಚೆಂಡು ಇನ್ನೂ ಆಟದಲ್ಲಿದೆ. ಆಗ ಶೇನ್ ಕಂಬಗಳ ಕಡೆ ಓಡುತ್ತಾನೆ, ಇನ್ನೂ ಗೆರೆ ದಾಟುವ ಮೊದಲೇ ಒಂದು ಕೈ ಮೇಲೆತ್ತಿರುತ್ತಾನೆ. ಕೋಚ್‌ಗಳು ಮಕ್ಕಳಿಗೆ ಮಾಡಬೇಡಿ ಅನ್ನುವ ಕೆಲಸ. 31-24. ಅವತ್ತು ರಾತ್ರಿಯೆಲ್ಲ ಸಂಭ್ರಮ ಮಾಡಿದ ತಂಡದ ಇನ್ನೊಬ್ಬ ಆಟಗಾರ ಬೆಳಗಿನ ಜಾವ ಗಾಲ್ಫ್ ಬಗ್ಗಿ ಓಡಿಸಿಕೊಂಡು ಹೆದ್ದಾರಿಗೆ ಹೋಗಿ ಪೊಲೀಸರ ಕೈಗೆ ಸಿಕ್ಕಿಬಿದ್ದ. ಅದರ ವಿಡಿಯೋ ಹುಡುಕುವ ಮೊದಲು ಪಂದ್ಯದ್ದು ನೋಡಿ ಅಂದೆ. ಅವಳು ಎರಡನ್ನೂ ಬರೆದುಕೊಂಡಳು.